ಆಶ್ರಮ ಸೇರಿದ ಅಮ್ಮನಿಗೆ ಸಂಜೆಯಾದರೆ ತಳಮಳ

ಪ್ರಶ್ನೆ: ಅಮ್ಮನಿಗೆ 78 ವರ್ಷ. ಎರಡು ತಿಂಗಳ ಹಿಂದೆ ಮೈಸೂರಿನ ವೃದ್ಧಾಶ್ರಮಕ್ಕೆ ಸೇರಿಸಿದೆವು. ಸಂಜೆಯಾದರೆ ಫೋನ್ ಮಾಡಿ ‘ಮನೆಗೆ ಕರ್ಕೊಂಡ್ ಹೋಗು’ ಎಂದು ಅಳುತ್ತಾರೆ. ರಾತ್ರಿ ನಿದ್ದೆಯಿಲ್ಲ, ಊಟ ಅರ್ಧಕ್ಕೇ ಬಿಡುತ್ತಾರಂತೆ. ಆಶ್ರಮದವರು ನಿದ್ದೆ ಮಾತ್ರೆ ಕೊಡಿಸಿ ಎನ್ನುತ್ತಿದ್ದಾರೆ. ಕೊಡಿಸಬಹುದೇ?
– ಓದುಗರು, ಹಾಸನ

ಉತ್ತರ: ಮಾತ್ರೆಗೆ ಅವಸರ ಬೇಡ. ಆಲ್ಪ್ರಜೋಲಮ್, ಕ್ಲೊನಜೆಪಮ್ ತರಹದವನ್ನು ನುಂಗಿದ ಹಿರಿಯರು ನಡುರಾತ್ರಿ ಬಾತ್‌ರೂಮಿಗೆಂದು ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯ ಹೆಚ್ಚು. ಈಗಾಗಲೇ ದಿನಾ ತೆಗೆದುಕೊಳ್ಳುತ್ತಿದ್ದರೆ ದಿಢೀರನೆ ನಿಲ್ಲಿಸಲೂಬೇಡಿ. ವೈದ್ಯರೇ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು.

ಮೊದಲು ದೇಹ ನೋಡಿಸಿ. ಮಲಬದ್ಧತೆ, ಮಂಡಿನೋವು, ಥೈರಾಯ್ಡ್, ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ, ಶ್ರವಣಯಂತ್ರದ ಮುಗಿದ ಬ್ಯಾಟರಿ, ಇವೂ ತಳಮಳಕ್ಕೆ ಕಾರಣ. ಒಂದೆರಡು ದಿನದಲ್ಲೇ ಗೊಂದಲ, ತೊದಲು, ಇಲ್ಲದ್ದು ಕಾಣುವುದು ಶುರುವಾದರೆ ಅದು ಬೇಸರವಲ್ಲ. ಮೂತ್ರದ ಸೋಂಕೋ, ಸೋಡಿಯಂ ಕುಸಿತವೋ, ಪಾರ್ಶ್ವವಾಯುವೋ ಇರಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ದೇಹ ಸರಿಯಿದ್ದರೆ? ಐವತ್ತು ವರ್ಷ ಅಡುಗೆಮನೆ ಆಳಿದವರಿಗೆ ಈಗ ಕಾಫಿ ಯಾವಾಗ ಎಂದು ಬೇರೆಯವರು ಹೇಳುತ್ತಾರೆ. ಕಷ್ಟ ಇರುವುದು ಹೆಚ್ಚಾಗಿ ಅಲ್ಲೇ. ಅಮೆರಿಕದ ಕನೆಕ್ಟಿಕಟ್‌ನ ವೃದ್ಧಾಶ್ರಮವೊಂದರಲ್ಲಿ ನಡೆದು 1976ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು: ಗಿಡ ಆರಿಸಿ ತಾವೇ ನೀರೆರೆದು, ಸಿನಿಮಾ ನೋಡುವ ದಿನವನ್ನೂ ತಾವೇ ನಿರ್ಧರಿಸಿದವರು, ಎಲ್ಲವನ್ನೂ ಸಿಬ್ಬಂದಿಯೇ ನೋಡಿಕೊಂಡವರಿಗಿಂತ ಹೆಚ್ಚು ಚಟುವಟಿಕೆಯಿಂದಿದ್ದರು. ಹಾಗಾಗಿ ವ್ಯವಸ್ಥಾಪಕರ ಜೊತೆ ಕುಳಿತು ಎರಡು ಮೂರು ವಿಷಯ ಅಮ್ಮನ ಕೈಗೆ ಕೊಡಿಸಿ: ಸ್ನಾನದ ಹೊತ್ತು, ಯಾವ ಸೀರೆ, ಊಟಕ್ಕೆ ಯಾರ ಪಕ್ಕ. ಹೂ ಕಟ್ಟುವುದೋ ಸೊಪ್ಪು ಬಿಡಿಸುವುದೋ ದಿನಾ ಅವರದೇ ಆದ ಕೆಲಸವಿರಲಿ. ಸೋಗಿಗೆ ಕೊಟ್ಟ ಕೆಲಸ ಅವರಿಗೆ ಗೊತ್ತಾಗಿಬಿಡುತ್ತದೆ.

ಬೆಳಿಗ್ಗೆ ಅರ್ಧ ಗಂಟೆ ಬಯಲ ಬೆಳಕು, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಸಾಕು, ಮೂರರ ನಂತರ ಕಾಫಿ ಬೇಡ. ಸಂಜೆ ಅಳು ಶುರುವಾಗುವ ಮುಂಚೆಯೇ ಐದು ನಿಮಿಷ ಉಸಿರಾಟ: ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಉಸಿರು ಹಿಡಿಯುವುದು ಬೇಡ.

ಫೋನ್ ನೀವೇ ಮಾಡಿ, ದಿನಾ ಒಂದೇ ಹೊತ್ತಿಗೆ. ‘ಮುಂದಿನ ವಾರ ಕರ್ಕೊಂಡ್ ಹೋಗ್ತೀನಿ’ ಎಂಬ ಸುಳ್ಳು ಮಾತ್ರ ಬೇಡ. ಬರುವ ದಿನವನ್ನು ಅವರ ಕ್ಯಾಲೆಂಡರಿನಲ್ಲೇ ಗುರುತು ಹಾಕಿ.

ಎರಡು ವಾರ ಕಳೆದರೂ ಊಟ ಸೇರದೆ ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ ಖಿನ್ನತೆಯಿರಬಹುದು, ಮನೋವೈದ್ಯರಿಗೆ ತೋರಿಸಿ. ‘ಬದುಕಿದ್ದು ಏನು ಮಾಡ್ಲಿ’ ಎಂದರೆ ಅಷ್ಟು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.