ಗೇಮ್ ಕಂಪನಿಗಳು ದಾನಕ್ಕೆಂದು ಆಟದೊಳಗಿನ ಐಟಂ (ಪಾತ್ರದ ವೇಷ, ಸಾಕುಪ್ರಾಣಿ ಥರದ್ದು) ಮಾರೋದು ನಿಜವಾದ ಉದಾರತೆಯಾ?

ದಾನ ನಿಜ, ಆದರೆ ದುಡ್ಡು ಹೆಚ್ಚಾಗಿ ಆಟಗಾರರದ್ದು. ಕಂಪನಿ ಎಷ್ಟು ಉದಾರಿ ಅನ್ನೋದು ಅದು ಎಷ್ಟು ಪಾಲು ಬಿಟ್ಟುಕೊಡುತ್ತದೆ ಅನ್ನೋದರ ಮೇಲಿದೆ.

2018ರಲ್ಲಿ ಬ್ಲಿಝಾರ್ಡ್ ತನ್ನ ಓವರ್‌ವಾಚ್ ಆಟದ ಮರ್ಸಿ ಪಾತ್ರಕ್ಕೆ ಗುಲಾಬಿ ಬಣ್ಣದ ವೇಷ ತಂದಿತು. ಬೆಲೆ 15 ಡಾಲರ್. ಬಂದದ್ದೆಲ್ಲ ಸ್ತನ ಕ್ಯಾನ್ಸರ್ ಸಂಶೋಧನೆಗೆ ಅಂತ ಹೇಳಿತ್ತು, ಸುಮಾರು 1.27 ಕೋಟಿ ಡಾಲರ್ ಸೇರಿತು. ಅದೇ ಕಂಪನಿ 2009ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ 10 ಡಾಲರಿಗೆ ಪಾತ್ರದ ಜೊತೆ ಓಡಾಡುವ ಪುಟಾಣಿ ಪಾಂಡಾ ಸನ್ಯಾಸಿಯನ್ನು ಮಾರಿದಾಗ, ಕಾಯಿಲೆಯ ಮಕ್ಕಳ ಆಸೆ ಈಡೇರಿಸುವ ಮೇಕ್-ಎ-ವಿಶ್ ಸಂಸ್ಥೆಗೆ ಹೋದದ್ದು ಅರ್ಧ ಮಾತ್ರ, ಅದೂ ಆ ವರ್ಷದ ಕೊನೆಯವರೆಗೆ. ಎರಡೂ ದಾನವೇ, ಆದರೆ ಒಂದೇ ತೂಕದ್ದಲ್ಲ ಅಲ್ವಾ?

ಗುಟ್ಟು ಇಷ್ಟೇ: ಡಿಜಿಟಲ್ ವೇಷವನ್ನು ಒಂದು ಸಲ ರಚಿಸಿದರೆ ಸಾಕು. ಹತ್ತು ಲಕ್ಷನೇ ಪ್ರತಿಗೆ ಬಟ್ಟೆಯೂ ಬೇಡ, ದರ್ಜಿಯೂ ಬೇಡ. ಹಾಗಾಗಿ ಪೂರ್ತಿ ಹಣ ಕೊಟ್ಟರೂ ಕೈಯಿಂದ ಹೋಗೋದು ಕಡಿಮೆ, ಒಳ್ಳೆ ಹೆಸರು ಜಾಸ್ತಿ. ಆಟ ಬಿಟ್ಟವರೂ ಒಮ್ಮೆ ಇಣುಕಿ ನೋಡುತ್ತಾರೆ.

ಇದಕ್ಕಿಂತ ಭಾರದ್ದು ಮಾಮೂಲಿ ಆದಾಯವನ್ನೇ ಬಿಟ್ಟುಕೊಡೋದು. 2022ರಲ್ಲಿ ಎಪಿಕ್ ಕಂಪನಿ ತನ್ನ ಫೋರ್ಟ್‌ನೈಟ್ ಆಟದ ಎರಡು ವಾರದ ಗಳಿಕೆಯನ್ನು ಉಕ್ರೇನ್ ಸಂತ್ರಸ್ತರಿಗೆ ಕೊಟ್ಟಿತು. ಮೈಕ್ರೋಸಾಫ್ಟ್‌ನ ಗೇಮ್ ವಿಭಾಗ ಎಕ್ಸ್‌ಬಾಕ್ಸ್ ಕೂಡ ಕೈಜೋಡಿಸಿ, ಒಟ್ಟು 14.4 ಕೋಟಿ ಡಾಲರ್ ಆಯಿತು.

ಕೊಳ್ಳುವ ಮುಂಚೆ ಸಣ್ಣಕ್ಷರದಲ್ಲಿ ಶೇಕಡಾ ಎಷ್ಟು, ಯಾವ ತಾರೀಖಿನವರೆಗೆ ಅಂತ ನೋಡಿ.