ಆಡಿಟ್ ಲಾಗ್‌ನಲ್ಲಿ ಬರೀ ‘ರೂಟ್’ ಅಂತ ಬಂದರೆ ಯಾರನ್ನು ಹಿಡಿಯುವುದು?

ಈ ಸಲವೂ ಅದೇ ಪ್ರಶ್ನೆ. ಆಡಿಟ್ ಲಾಗ್ ಅಂದರೆ ಲಿನಕ್ಸ್ ಸರ್ವರ್‌ನಲ್ಲಿ ಯಾರು ಏನು ಮಾಡಿದರು ಅಂತ ಬರೆದಿಡುವ ದಾಖಲೆ, ರೂಟ್ ಅಂದರೆ ಎಲ್ಲ ಅಧಿಕಾರವೂ ಇರುವ ಖಾತೆ. ಹಾವೇರಿ, ಗದಗ, ಹುಬ್ಬಳ್ಳಿ, ಊರು ಬೇರೆ ಬೇರೆ, ಗಂಟು ಒಂದೇ. ಹಾಗಾಗಿ ಹೆಚ್ಚಿನ ಜಾಗ ಅದಕ್ಕೇ ಕೊಡುತ್ತೇನೆ. ಟರ್ಮಿನಲ್ ತೆರೆಯುವುದು ಹೇಗೆ, ಸುಡೋ ಅಂದರೇನು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಸರ್ವರ್ ನೋಡಿಕೊಳ್ಳುವವರಿಗೆ ಅದು ಗೊತ್ತಿರಲೇಬೇಕು.

ಪ್ರಶ್ನೆ: ನಮ್ಮದು ಹಾವೇರಿಯ ಒಂದು ಪತ್ತಿನ ಸಹಕಾರಿ ಸಂಘ. ಲೆಕ್ಕದ ಸಾಫ್ಟ್‌ವೇರ್‌ನ ಸೆಟ್ಟಿಂಗ್ ಫೈಲನ್ನು ಯಾರೋ ಬದಲಿಸಿದ್ದಾರೆ. ಆ ಫೈಲಿನ ಹೆಸರು ಹಾಕಿ ಆಡಿಟ್ ಲಾಗ್‌ನಲ್ಲಿ ಗ್ರೆಪ್ (ಪದ ಹುಡುಕುವ ಕಮಾಂಡ್) ಮಾಡಿದೆ. ಬಂದ ಸಾಲಿನಲ್ಲಿ ಐಡಿ ಸೊನ್ನೆ, ಅಂದರೆ ರೂಟ್ ಅಂತಿದೆ. ಸುಡೋ ಇರುವವರು, ಅಂದರೆ ರೂಟ್ ಆಗಬಲ್ಲವರು, ನಾಲ್ಕು ಜನ. ಎಲ್ಲರೂ ‘ನಾನಲ್ಲ’ ಅಂತಾರೆ. ಹೊಸದಾಗಿ ಸೇರಿದ ಹುಡುಗನ ಮೇಲೆ ಅನುಮಾನ ಇದೆ. ಹೇಗೆ ಖಚಿತ ಮಾಡಿಕೊಳ್ಳಲಿ?

ಉತ್ತರ: ಮೊದಲು ಆ ಹುಡುಗನ ವಿಷಯ ಪಕ್ಕಕ್ಕಿಡಿ. ಹೊಸಬ ಅನ್ನುವುದು ಸಾಕ್ಷಿಯಲ್ಲ.

ಇನ್ನು ಗ್ರೆಪ್. ನೀವು ನೋಡಿದ್ದು ಬಹುಶಃ ‘ಪಾತ್’ ಅನ್ನುವ ದಾಖಲೆಯ ಸಾಲು. ಅದರಲ್ಲಿ ‘ಓಯುಐಡಿ’ ಅಂತ ಒಂದು ಇರುತ್ತದೆ. ಅದು ಫೈಲಿನ ಒಡೆಯ ಯಾರು ಅಂತ ಹೇಳುತ್ತದೆ, ಬದಲಿಸಿದವರು ಯಾರು ಅಂತಲ್ಲ. ಸೆಟ್ಟಿಂಗ್ ಫೈಲುಗಳ ಒಡೆಯ ಸಾಮಾನ್ಯವಾಗಿ ರೂಟೇ. ಮನೆ ಯಾರ ಹೆಸರಿನಲ್ಲಿದೆ ಅಂತ ಓದಿ ಕಳ್ಳತನ ಮಾಡಿದ್ದು ಅವರೇ ಅಂದಹಾಗೆ ಆಯಿತು ಇದು. ಈ ತಪ್ಪನ್ನು ಅನುಭವಸ್ಥರೂ ಮಾಡುವುದನ್ನು ಕಂಡಿದ್ದೇನೆ.

ಆಡಿಟ್ ಲಾಗ್‌ನಲ್ಲಿ ಒಂದು ಘಟನೆ ಒಂದೇ ಸಾಲಿನಲ್ಲಿ ಮುಗಿಯುವುದಿಲ್ಲ. ‘ಸಿಸ್‌ಕಾಲ್’ ಅನ್ನುವ ಸಾಲಿನಲ್ಲಿ ಯಾರು, ಯಾವ ಪ್ರೋಗ್ರಾಮಿನಿಂದ ಅಂತ ಇರುತ್ತದೆ. ‘ಸಿಡಬ್ಲ್ಯುಡಿ’ ಸಾಲಿನಲ್ಲಿ ಯಾವ ಫೋಲ್ಡರಿನಲ್ಲಿ ನಿಂತು ಮಾಡಿದರು ಅಂತ. ‘ಪಾತ್’ ಸಾಲಿನಲ್ಲಿ ಯಾವ ಫೈಲು ಅಂತ. ವಿಮ್ ಎಡಿಟರ್‌ನಲ್ಲಿ ತಿದ್ದಿ ಉಳಿಸಿದರೆ ಹಳೆಯದರ ಹೆಸರು ಬದಲಾಗಿ ಹೊಸದು ಹುಟ್ಟಬಹುದು, ಆಗ ಪಾತ್ ಸಾಲುಗಳೇ ಮೂರ್ನಾಲ್ಕು. ಇವನ್ನೆಲ್ಲ ಕಟ್ಟಿಹಾಕುವುದು ಆವರಣದೊಳಗಿನ ಅಂಕಿ. ಉದಾಹರಣೆಗೆ 1715146800.311:4821. ಚುಕ್ಕಿಗೆ ಮೊದಲಿನದು 1970ರಿಂದ ಎಣಿಸಿದ ಸೆಕೆಂಡು, ನಮ್ಮ ಗಡಿಯಾರದಲ್ಲಿ ಅದು 2024ರ ಮೇ 8, ಬೆಳಿಗ್ಗೆ 11:10. ಕೊನೆಯ 4821 ಘಟನೆಯ ನಂಬರು. ಗ್ರೆಪ್‌ಗೆ ಈ ನಂಟು ಗೊತ್ತಿಲ್ಲ. ಫೈಲಿನ ಹೆಸರಿರುವ ಸಾಲನ್ನಷ್ಟೇ ಕಿತ್ತು ಕೊಡುತ್ತದೆ. ನಿಮಗೆ ಬೇಕಾದ ‘ಯಾರು’ ಪಕ್ಕದ ಸಾಲಿನಲ್ಲೇ ಉಳಿಯುತ್ತದೆ.

ನೀವು ಬ್ಯಾಡಗಿ ಮೆಣಸಿನಕಾಯಿ ಪೇಟೆ ನೋಡಿರುತ್ತೀರಿ. ಚೀಲದ ಬಾಯಲ್ಲಿ ಕಂಡ ನಾಲ್ಕು ಕಾಯಿ ನೋಡಿ ಯಾರಾದರೂ ದರ ಹೇಳುತ್ತಾರಾ? ಒಳಗೆ ಕೈ ಹಾಕುತ್ತಾರೆ, ಅಲ್ವಾ? ಇಲ್ಲೂ ಹಾಗೇ.

ಒಳಗೆ ಕೈ ಹಾಕಲು ಆಡಿಟ್ ಜೊತೆಗೇ ‘ಎಯು-ಸರ್ಚ್’ ಅನ್ನುವ ಹುಡುಕುವ ಕಮಾಂಡ್ ಬರುತ್ತದೆ. ಹೈಫನ್ ಎಫ್ ಹಾಕಿ ಫೈಲಿನ ದಾರಿ ಕೊಡಿ. ಹೈಫನ್ ಟಿಎಸ್ ಹಾಕಿ ಯಾವಾಗಿನಿಂದ ಅಂತ ಹೇಳಿ. ಕೊನೆಗೆ ಹೈಫನ್ ಐ ಹಾಕಿ, ಅಂಕಿಗಳೆಲ್ಲ ಹೆಸರಾಗಿ ಬರುತ್ತವೆ. ಘಟನೆಯ ಎಲ್ಲ ಸಾಲೂ ಒಟ್ಟಿಗೆ ಸಿಗುತ್ತವೆ. ಎಷ್ಟು ಷರತ್ತು ಹಾಕುತ್ತೀರೋ ಅಷ್ಟೂ ಹೊಂದಿದರೆ ಮಾತ್ರ ಫಲಿತಾಂಶ ಬರುತ್ತದೆ. ಆದ್ದರಿಂದ ಮೊದಲು ಸಡಿಲವಾಗಿ ಹುಡುಕಿ, ಆಮೇಲೆ ಬಿಗಿ ಮಾಡಿ.

ಈಗ ಸಿಸ್‌ಕಾಲ್ ಸಾಲಿನಲ್ಲಿ ‘ಎಯುಐಡಿ’ ನೋಡಿ. ನಿಮ್ಮ ಉತ್ತರ ಇರುವುದು ಅಲ್ಲಿ. ಲಾಗಿನ್ ಆದಾಗ ಅಂಟಿದ ಗುರುತು ಅದು. ಆಮೇಲೆ ಸುಡೋ ಮಾಡಿ ರೂಟ್ ಆದರೂ ಬದಲಾಗುವುದಿಲ್ಲ. ಆ ಹೊತ್ತಿನ ಖಾತೆ ಹೇಳುವ ಯುಐಡಿ ರೂಟ್ ಅಂದರೂ ಎಯುಐಡಿ ಮೂಲ ಖಾತೆಯ ಹೆಸರನ್ನೇ ಹೇಳುತ್ತದೆ. ಅದೇ ಸಾಲಿನ ‘ಎಸ್ಇಎಸ್’ ಸೆಷನ್ ನಂಬರು. ಅದನ್ನು ಹಿಡಿದು ಆ ಲಾಗಿನ್‌ನಲ್ಲಿ ದಾಖಲಾದದ್ದನ್ನೆಲ್ಲ ತೆಗೆಯಿರಿ. ಯಾವ ವಿಳಾಸದಿಂದ ಲಾಗಿನ್ ಆಯಿತು ಅನ್ನುವುದನ್ನೂ ನೋಡಿ.

ಇಲ್ಲಿ ನಿಲ್ಲಿ. ಎಯುಐಡಿ ಹೇಳುವುದು ಖಾತೆಯನ್ನು, ಮನುಷ್ಯನನ್ನಲ್ಲ. ಹಿಂದೆ ಒಂದು ಕಚೇರಿಯಲ್ಲಿ ಲಾಗ್ ನೋಡಿ ನಾನೇ ಒಂದು ಖಾತೆಯ ಹೆಸರು ಹೇಳಿಬಿಟ್ಟೆ. ಆ ಹೆಣ್ಣುಮಗಳನ್ನು ಎಲ್ಲರ ಎದುರು ಕೇಳಿದರು. ಆಕೆ ಆ ಹೊತ್ತಿಗೆ ಧಾರವಾಡದಲ್ಲಿ ಮಗುವಿನ ಜೊತೆ ಆಸ್ಪತ್ರೆಯಲ್ಲಿದ್ದಳು. ಆಕೆಯ ಪಾಸ್‌ವರ್ಡ್ ಕಚೇರಿಯ ಅರ್ಧ ಜನಕ್ಕೆ ಗೊತ್ತಿತ್ತು. ಆಕೆಯ ಅಂದಿನ ಮುಖ ನಾನು ಮರೆತಿಲ್ಲ. ಅಂದಿನಿಂದ ಲಾಗಿನ್ ವಿಳಾಸ, ಹಾಜರಿ, ಸಮಯ ಮೂರೂ ತಾಳೆಯಾಗದೆ ನಾನು ಹೆಸರು ಹೇಳುವುದಿಲ್ಲ. ನೀವೂ ಹೇಳಬೇಡಿ.

ಸಮಯದಲ್ಲೂ ಜನ ಎಡವುತ್ತಾರೆ. ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿದ್ದರೆ, ಅಂದರೆ ಜಾಗತಿಕ ಮೂಲ ಸಮಯದಲ್ಲಿದ್ದರೆ, ಕಾಣುವ ಹೊತ್ತಿಗೆ ಐದೂವರೆ ಗಂಟೆ ಕೂಡಿಸಬೇಕು. ತಾರೀಖು ಬರೆಯುವ ಕ್ರಮ ಯಂತ್ರದ ಭಾಷಾ ಸೆಟ್ಟಿಂಗ್ ಮೇಲೆ ನಿಂತಿದೆ. ಅಮೆರಿಕದ ಸೆಟ್ಟಿಂಗ್ ಇದ್ದರೆ ತಿಂಗಳು ಮೊದಲು. ಮೇ 8 ಅಂತ 08/05 ಬರೆದರೆ ಅದು ಆಗಸ್ಟ್ 5 ಹುಡುಕುತ್ತದೆ, ಏನೂ ಸಿಗುವುದಿಲ್ಲ, ನೀವು ‘ಏನೂ ಆಗಿಲ್ಲ’ ಅಂತ ವರದಿ ಕೊಡುತ್ತೀರಿ. ಟುಡೇ, ಯೆಸ್ಟರ್‌ಡೇ ಅನ್ನುವ ಪದಗಳನ್ನು ಕೊಟ್ಟರೆ ಈ ತೊಂದರೆ ಇಲ್ಲ.

ಇನ್ನೊಂದು ಮಾತು. ಆ ಫೈಲಿನ ಮೇಲೆ ಮೊದಲೇ ಕಾವಲು ನಿಯಮ ಹಾಕಿರದಿದ್ದರೆ ಅದರ ದಾಖಲೆ ಇರುವ ಭರವಸೆ ಇಲ್ಲ. ನಿಮಗೆ ಸಾಲು ಸಿಕ್ಕಿದೆ ಅಂದರೆ ಯಾವುದೋ ನಿಯಮ ಇದೆ, ಒಳ್ಳೆಯದಾಯಿತು. ಉಳಿದವರು ‘ಆಡಿಟ್-ಸಿಟಿಎಲ್ ಹೈಫನ್ ಎಲ್’ ಕೊಟ್ಟು ಏನೇನಿದೆ ಅಂತ ಇವತ್ತೇ ನೋಡಿ. ಹೊಸ ನಿಯಮ ಹಾಕುವಾಗ ಹೈಫನ್ ಕೆ ಕೊಟ್ಟು ಅದಕ್ಕೊಂದು ಹೆಸರಿಡಿ, ಹುಡುಕುವಾಗ ಅದೇ ಹೆಸರು ಸಾಕು. ಕಮಾಂಡಿನಲ್ಲಿ ಹಾಕಿದ ನಿಯಮ ರೀಬೂಟ್ ಆದರೆ ಹೋಗುತ್ತದೆ, ‘ರೂಲ್ಸ್.ಡಿ’ ಫೋಲ್ಡರಿನಲ್ಲಿ ಬರೆದಿಡಿ.

ಪ್ರಶ್ನೆ: ಟರ್ಮಿನಲ್‌ನಲ್ಲಿ ಎಯು-ಸರ್ಚ್ ಸರಿಯಾಗಿ ಬರುತ್ತದೆ, ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕಮಾಂಡನ್ನು ತಾನಾಗೇ ಓಡಿಸುವ ವ್ಯವಸ್ಥೆ) ಹಾಕಿದರೆ ‘ನೋ ಮ್ಯಾಚಸ್’. (ಹುಬ್ಬಳ್ಳಿ)

ಉತ್ತರ: ಕ್ರಾನ್‌ನಲ್ಲಿ ಅದು ಲಾಗ್ ಫೈಲ್ ಬಿಟ್ಟು ಪೈಪಿನಿಂದ ಬರುವುದನ್ನು ಓದಲು ಹೋಗುತ್ತದೆ. ‘ಇನ್‌ಪುಟ್-ಲಾಗ್ಸ್’ ಆಯ್ಕೆ ಸೇರಿಸಿ. ಮ್ಯಾನುಯಲ್‌ನಲ್ಲೇ ಬರೆದಿದೆ, ದಯವಿಟ್ಟು ಓದಿ.

ಪ್ರಶ್ನೆ: ಎಯುಐಡಿ 4294967295 ಅನ್ನುವ ಬಳಕೆದಾರ ರಾತ್ರಿಯಿಡೀ ಕೆಲಸ ಮಾಡುತ್ತಿದ್ದಾನೆ. ಒಬ್ಬರು ಇದು ಹೊರದೇಶದ ಹ್ಯಾಕರ್ ಅಂತ ಹೇಳಿ, ತೆಗೆಯಲು ಹಣ ಕೇಳುತ್ತಿದ್ದಾರೆ. (ಗದಗ)

ಉತ್ತರ: ಒಂದು ರೂಪಾಯಿ ಕೊಡಬೇಡಿ. ಆ ಅಂಕಿಗೆ ‘ಲಾಗಿನ್ ಗುರುತು ಇಲ್ಲ’ ಅಂತಷ್ಟೇ ಅರ್ಥ. ಯಂತ್ರ ಶುರುವಾದಾಗ ತಾನಾಗೇ ಏಳುವ ಸೇವೆಗಳಿಗೆಲ್ಲ ಅದೇ ಇರುತ್ತದೆ. ಹೈಫನ್ ಐ ಹಾಕಿದರೆ ‘ಅನ್‌ಸೆಟ್’ ಅಂತ ಕಾಣುತ್ತದೆ. ಇಂಥ ಅಂಕಿ ತೋರಿಸಿ ಹೆದರಿಸುವವರು ನಮ್ಮ ಕಡೆ ಜಾಸ್ತಿ ಆಗಿದ್ದಾರೆ. ಅವರ ಕೈಗೆ ರೂಟ್ ಪಾಸ್‌ವರ್ಡ್ ಕೊಟ್ಟರೆ ಇಲ್ಲದ ಹ್ಯಾಕರನ್ನು ನೀವೇ ಒಳಗೆ ಬಿಟ್ಟುಕೊಂಡ ಹಾಗೆ. ಈಗಾಗಲೇ ಕೊಟ್ಟಿದ್ದರೆ ಇದನ್ನು ಓದುವುದು ನಿಲ್ಲಿಸಿ, ಮೊದಲು ಬದಲಿಸಿ.

ಪ್ರಶ್ನೆ: ಲಾಗನ್ನು ಯಾವುದಾದರೂ ವೆಬ್‌ಸೈಟಿಗೆ ಹಾಕಿ ಅರ್ಥ ಕೇಳಬಹುದಾ? (ಧಾರವಾಡ)

ಉತ್ತರ: ಬೇಡ. ಕಮಾಂಡಿನ ಜೊತೆ ಟೈಪ್ ಮಾಡಿದ ಪಾಸ್‌ವರ್ಡೂ ಅದರಲ್ಲಿ ಇರಬಹುದು.

ಪ್ರಶ್ನೆ: ಜಾಗ ಉಳಿಸಲು ಹಳೆಯ ಲಾಗ್ ಅಳಿಸಬಹುದಾ? (ರಾಣೆಬೆನ್ನೂರು)

ಉತ್ತರ: ಅಳಿಸಬೇಡಿ. ಮೂಲ ಸೆಟ್ಟಿಂಗ್‌ನಲ್ಲಿ ಎಂಟು ಎಂಬಿಯ ಐದು ಫೈಲು ಮಾತ್ರ ಉಳಿಯುತ್ತವೆ. ಕೆಲಸ ಜಾಸ್ತಿ ಇರುವ ಸರ್ವರ್‌ನಲ್ಲಿ ಅದು ಎರಡು ದಿನಕ್ಕೂ ಸಾಲದಿರಬಹುದು. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಲ್ಲಿ ಲಾಗುಗಳನ್ನು 180 ದಿನ ಇಡಬೇಕು, ಸೈಬರ್ ಘಟನೆ ಗೊತ್ತಾದ ಆರು ಗಂಟೆಯೊಳಗೆ ತಿಳಿಸಬೇಕು ಅಂತಿದೆ. ಬೇರೆ ಯಂತ್ರಕ್ಕೆ ನಕಲು ಮಾಡಿಡಿ. ಅದಕ್ಕೆ ಬೇಕಾದ ಹಾರ್ಡ್ ಡಿಸ್ಕ್ ದುಬಾರಿಯೇನಲ್ಲ.