ಮೌಸ್ ಮುಟ್ಟದ ಕೈಗಳಿಗೆ ಒಂದು ಸ್ಕ್ರೀನ್

ಈ ಸಲ ಬಂದ ಪ್ರಶ್ನೆಗಳಲ್ಲಿ ಟರ್ಮಿನಲ್ ಪ್ರೋಗ್ರಾಂಗಳದ್ದೇ ಜಾಸ್ತಿ. ಟರ್ಮಿನಲ್ ಅಂದರೆ ಬರೀ ಅಕ್ಷರಗಳಲ್ಲಿ ಕಮಾಂಡ್ ಟೈಪ್ ಮಾಡಿ ಕಂಪ್ಯೂಟರ್‌ಗೆ ಕೆಲಸ ಹೇಳುವ ಕಿಟಕಿ. ಟರ್ಮಿನಲ್ ಒಳಗೇ ಫಾರಂ, ಪಟ್ಟಿ, ಮೆನು ಬರೋ ಹಾಗೆ ಮಾಡೋದು ಹೇಗೆ, ಮಾಡಿದ ಮೇಲೆ ಬರೋ ತಾಪತ್ರಯಗಳೇನು ಅಂತ ಕೇಳಿದ್ದೀರಿ. ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಸ್ಟೋರ್ಸ್ ಲೆಕ್ಕಕ್ಕೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಅದು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗುತ್ತದೆ, ಮಧ್ಯೆ ಒಂದು ತಪ್ಪಾದರೆ ಮತ್ತೆ ಮೊದಲಿಂದ. ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರು ‘ಡಾಸ್ ಕಾಲದ ಥರ ಸ್ಕ್ರೀನ್ ಮಾಡಿಕೊಡಪ್ಪ’ ಅಂತಾರೆ. ಗೆಳೆಯರು ‘ಈ ಕಾಲದಲ್ಲಿ ಅದೇನು, ವೆಬ್ ಪೇಜ್ ಮಾಡು’ ಅಂತಾರೆ. ಏನು ಮಾಡಲಿ? — ಒಬ್ಬ ಓದುಗರು, ಪೀಣ್ಯ

ಹಿರಿಯರ ಮಾತು ಕೇಳಿ. ಗೆಳೆಯರದ್ದು ಆಮೇಲೆ ನೋಡೋಣ.

ಡಾಸ್ ಅಂದರೆ ವಿಂಡೋಸ್‌ಗೆ ಮುಂಚಿನ, ಕೀಬೋರ್ಡ್‌ನಲ್ಲೇ ನಡೆಯುತ್ತಿದ್ದ ಆಪರೇಟಿಂಗ್ ಸಿಸ್ಟಂ. ಹಿರಿಯರು ಹಳೇ ಕಾಲದ ಮೇಲಿನ ಪ್ರೀತಿಗೆ ಹಾಗೆ ಹೇಳುತ್ತಿಲ್ಲ. ಸ್ಟೋರ್ಸ್ ಕಿಟಕಿಯಲ್ಲಿ ಒಬ್ಬ ಹುಡುಗ ಬಂದು ‘ಸರ್, 6204 ಬೇರಿಂಗ್ ಎರಡು’ ಅಂದಾಗ ಅವರ ಕೈ ಏನು ಮಾಡಬೇಕು ಅಂತ ಯೋಚಿಸಿ. ನಂಬರ್ ಪ್ಯಾಡ್‌ನಲ್ಲಿ 6204, ಎಂಟರ್, 2, ಎಂಟರ್. ಮುಗೀತು. ಇದರಲ್ಲಿ ಕೀಬೋರ್ಡ್ ಕೂಡ ನೋಡಬೇಕಾಗಿಲ್ಲ, ಇನ್ನು ಮೌಸ್ ಹುಡುಕಿ, ಆ ಬಾಣವನ್ನು ಪುಟ್ಟ ಚೌಕದೊಳಗೆ ತಂದು ನಿಲ್ಲಿಸಿ, ಕ್ಲಿಕ್ ಮಾಡಿ, ಮತ್ತೆ ಕೀಬೋರ್ಡ್‌ಗೆ ಬರುವ ಮಾತು ಎಲ್ಲಿಂದ? ಅದೂ ಗ್ರೀಸ್ ಮೆತ್ತಿದ ಕೈಯಲ್ಲಿ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ನೋಡಿ. 1986ರಲ್ಲಿ ಶುರುವಾದ ಕಂಪನಿ, ಅದರ ಸಾಫ್ಟ್‌ವೇರ್ ಡಾಸ್‌ನಿಂದ ವಿಂಡೋಸ್‌ಗೆ ಬಂದು ಎಷ್ಟೋ ವರ್ಷ ಆಯಿತು, ಆದರೂ ಎಫ್5 ಒತ್ತಿದರೆ ಪೇಮೆಂಟ್, ಎಫ್6 ಒತ್ತಿದರೆ ರಿಸೀಟ್ ಅನ್ನೋ ಅಭ್ಯಾಸ ಹಾಗೇ ಇದೆ. ಪಳಗಿದ ಅಕೌಂಟೆಂಟ್ ಮೌಸ್ ಮುಟ್ಟುವುದೇ ಅಪರೂಪ.

ಪೈಥಾನ್ ಗೊತ್ತಿದ್ದರೆ ಟೆಕ್ಸ್‌ಚುವಲ್ ಅನ್ನೋ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಹಿಡಿಯಿರಿ. ವಿಲ್ ಮೆಕ್‌ಗೂಗನ್ ಅನ್ನುವವರು 2021ರಲ್ಲಿ ಶುರು ಮಾಡಿದ್ದು. ಟೈಪ್ ಮಾಡುವ ಬಾಕ್ಸ್, ಟೇಬಲ್, ಬಟನ್, ಕೆಳಗೆ ಯಾವ ಕೀ ಏನು ಮಾಡುತ್ತದೆ ಅಂತ ತೋರಿಸುವ ಪಟ್ಟಿ, ಎಲ್ಲ ಸಿದ್ಧವಾಗಿ ಸಿಗುತ್ತವೆ. ಪೈಥಾನ್ ಜೊತೆಗೇ ಬರುವ, ಇಂಥದೇ ಕೆಲಸದ ಕರ್ಸಸ್ ಅನ್ನೋ ಹಳೇ ಲೈಬ್ರರಿ ಕೂಡ ಇದೆ, ಆದರೆ ವಿಂಡೋಸ್‌ನಲ್ಲಿ ಅದು ಬರುವುದಿಲ್ಲ, ಬೇರೆ ಪ್ಯಾಕೇಜ್ ಹಾಕಬೇಕು. ಕರ್ಸಸ್‌ನಲ್ಲಿ ಒಂದು ಟೈಪಿಂಗ್ ಬಾಕ್ಸ್ ಬೇಕೆಂದರೂ ಅರ್ಧ ನೀವೇ ಕಟ್ಟಬೇಕು. ಕಲಿಯೋಕೆ ಒಳ್ಳೆಯದು, ಸೋಮವಾರ ಸ್ಟೋರ್ಸ್‌ನಲ್ಲಿ ಓಡಿಸೋಕೆ ಬೇಡ.

ಒಂದು ಜಾಗದಲ್ಲಿ ಮಾತ್ರ ಹುಷಾರು. ಡಾಸ್ ಕಾಲದವರಿಗೆ ಎಂಟರ್ ಒತ್ತಿದರೆ ಮುಂದಿನ ಬಾಕ್ಸ್‌ಗೆ ಹೋಗಬೇಕು. ಟೆಕ್ಸ್‌ಚುವಲ್‌ನಲ್ಲಿ ಮುಂದಿನ ಬಾಕ್ಸ್‌ಗೆ ಹೋಗುವುದು ಟ್ಯಾಬ್ ಕೀ. ಎಂಟರ್ ಒತ್ತಿದರೆ ‘ಈ ಬಾಕ್ಸ್ ತುಂಬಿ ಆಯಿತು’ ಅಂತ ನಿಮ್ಮ ಪ್ರೋಗ್ರಾಂಗೆ ಸುದ್ದಿ ಬರುತ್ತದೆ, ಅಷ್ಟೇ. ಆ ಸುದ್ದಿ ಬಂದ ತಕ್ಷಣ ಫೋಕಸ್ ಅನ್ನು, ಅಂದರೆ ಟೈಪ್ ಮಾಡಿದ್ದು ಹೋಗಿ ಬೀಳುವ ಜಾಗವನ್ನು, ಮುಂದಕ್ಕೆ ದಾಟಿಸುವ ಒಂದೆರಡು ಸಾಲು ನೀವೇ ಬರೆಯಬೇಕು. ಇದನ್ನು ಬರೆಯದಿದ್ದರೆ ಹಿರಿಯರು ಎಂಟರ್ ಒತ್ತಿ ಒತ್ತಿ ಬೇಸತ್ತು ಪುಸ್ತಕದಲ್ಲೇ ಬರೆದುಕೊಳ್ಳಲು ಶುರು ಮಾಡುತ್ತಾರೆ. ಇನ್ನೊಂದು, ತಪ್ಪು ಐಟಂ ಕೋಡ್ ಹಾಕಿದರೆ ಸ್ಕ್ರೀನ್ ಮಧ್ಯೆ ದೊಡ್ಡ ಎಚ್ಚರಿಕೆ ಬಾಕ್ಸ್ ತಂದು ನಿಲ್ಲಿಸಬೇಡಿ. ಕೋಡ್ ಟೈಪ್ ಮಾಡಿದ ಬಾಕ್ಸ್ ಪಕ್ಕದಲ್ಲೇ ಕೆಂಪು ಅಕ್ಷರದಲ್ಲಿ ‘ಈ ಕೋಡ್ ಇಲ್ಲ’ ಅಂದರೆ ಸಾಕು, ತುಂಬಿದ್ದು ಯಾವುದೂ ಅಳಿಯಬಾರದು.

ಗೆಳೆಯರ ಬಾಯಿಗೂ ಉತ್ತರ ಇದೆ. ಟೆಕ್ಸ್‌ಚುವಲ್‌ನಲ್ಲಿ ಬರೆದದ್ದನ್ನು ಬೇಕಾದರೆ ಬ್ರೌಸರ್‌ನಲ್ಲೂ ತೋರಿಸಬಹುದು.

ಪ್ರಶ್ನೆ: ಇಂಜಿನಿಯರಿಂಗ್ ವಿದ್ಯಾರ್ಥಿನಿ. ಕಾಲೇಜ್ ಪ್ರಾಜೆಕ್ಟ್‌ಗೆ ಕರ್ಸಸ್‌ನಲ್ಲಿ ಒಂದು ಗೇಮ್ ಬರೆಯುತ್ತಿದ್ದೇನೆ. ಅದು ಮಧ್ಯದಲ್ಲಿ ಎರರ್ ಬಂದು ನಿಂತರೆ ಟರ್ಮಿನಲ್ ಹಾಳಾಗಿ ಹೋಗುತ್ತದೆ. ಟೈಪ್ ಮಾಡಿದ್ದು ಕಾಣುವುದಿಲ್ಲ, ಸಾಲುಗಳು ಮೆಟ್ಟಿಲ ಥರ ಓರೆಯಾಗಿ ಬರುತ್ತವೆ. ಪ್ರತಿ ಸಲ ವಿಂಡೋ ಮುಚ್ಚಿ ತೆಗೆಯುತ್ತಿದ್ದೇನೆ. — ಬಸವನಗುಡಿ

ಟರ್ಮಿನಲ್ ಹಾಳಾಗಿಲ್ಲಮ್ಮ. ಏನೂ ಕಾಣದಿದ್ದರೂ ಸುಮ್ನೆ ‘ರೀಸೆಟ್’ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿ. ಎಂಟರ್‌ಗೂ ಬಗ್ಗದಿದ್ದರೆ ಕಂಟ್ರೋಲ್ ಜೆ, ರೀಸೆಟ್, ಮತ್ತೆ ಕಂಟ್ರೋಲ್ ಜೆ. ಸರಿಹೋಗುತ್ತದೆ.

ಯಾಕೆ ಹಾಗಾಯಿತು ಅಂದರೆ, ಮಾಮೂಲಿಯಾಗಿ ನೀವು ಟೈಪ್ ಮಾಡಿದ್ದು ನೇರವಾಗಿ ಪ್ರೋಗ್ರಾಂಗೆ ಹೋಗುವುದಿಲ್ಲ. ಎಂಟರ್ ಒತ್ತುವ ತನಕ ಆಪರೇಟಿಂಗ್ ಸಿಸ್ಟಂ ಆ ಸಾಲನ್ನು ತನ್ನ ಹತ್ತಿರವೇ ಇಟ್ಟುಕೊಂಡಿರುತ್ತದೆ. ಅಕ್ಷರವನ್ನು ಸ್ಕ್ರೀನಿನ ಮೇಲೆ ತೋರಿಸುವುದೂ ಅದೇ, ಬ್ಯಾಕ್‌ಸ್ಪೇಸ್ ನೋಡಿಕೊಳ್ಳುವುದೂ ಅದೇ. ಗೇಮ್‌ಗೆ ಇದು ಆಗಿಬರುವುದಿಲ್ಲ, ಒತ್ತಿದ ಕೀ ಆಗಲೇ ಕೈಗೆ ಸಿಗಬೇಕು. ಹಾಗಾಗಿ ಕರ್ಸಸ್ ಈ ಏರ್ಪಾಡನ್ನು ಆಫ್ ಮಾಡುತ್ತದೆ. ತೊಂದರೆ ಇರುವುದೇ ಇಲ್ಲಿ: ಆ ಸೆಟ್ಟಿಂಗ್ ನಿಮ್ಮ ಪ್ರೋಗ್ರಾಂದಲ್ಲ, ಟರ್ಮಿನಲ್‌ದು. ಪ್ರೋಗ್ರಾಂ ಸತ್ತರೂ ಅದು ಹಾಗೇ ಉಳಿಯುತ್ತದೆ. ಬಾಡಿಗೆ ಮನೆ ಬಿಡುವಾಗ ಹೊಡೆದ ಮೊಳೆ ಕಿತ್ತು, ಗೋಡೆಗೆ ಸುಣ್ಣ ಬಳಿದು ಬೀಗದ ಕೈ ಕೊಡಬೇಕಲ್ವಾ, ಹಾಗೆ ನೋಡಿ. ನಿಮ್ಮ ಗೇಮ್ ಹೇಳದೆ ಕೇಳದೆ ರಾತ್ರೋರಾತ್ರಿ ಮನೆ ಬಿಟ್ಟು ಹೋಗುತ್ತಿದೆ.

ವಾಪಸ್ ಮಾಡಬೇಕಾದವು ಏನೇನು? ಒಂದು, ಈ ಕೀಬೋರ್ಡ್ ಏರ್ಪಾಡು. ಎರಡನೆಯದು, ಪರ್ಯಾಯ ಸ್ಕ್ರೀನ್. ಇಂಥ ಪ್ರೋಗ್ರಾಂ ಶುರುವಾದಾಗ ನಿಮ್ಮ ಹಳೇ ಕಮಾಂಡ್‌ಗಳು ಮಾಯವಾಗಿ, ಮುಗಿದಾಗ ಮತ್ತೆ ಬರುತ್ತವಲ್ಲ, ಅದು 1049 ಅನ್ನೋ ನಂಬರಿನ ಎಸ್ಕೇಪ್ ಕೋಡ್, ಅಂದರೆ ಪ್ರೋಗ್ರಾಂ ಟರ್ಮಿನಲ್‌ಗೆ ಕಳಿಸುವ, ಸ್ಕ್ರೀನ್ ಮೇಲೆ ಕಾಣದ ಆಜ್ಞೆಯ ಮಹಿಮೆ. ಆಮೇಲೆ ಅಡಗಿಸಿದ ಕರ್ಸರ್. ಮೌಸ್ ಆನ್ ಮಾಡಿದ್ದರೆ ಅದನ್ನೂ ಆಫ್ ಮಾಡಬೇಕು, ಇಲ್ಲವಾದರೆ ಕ್ಲಿಕ್ ಮಾಡಿದಲ್ಲೆಲ್ಲ ಅರ್ಥವಿಲ್ಲದ ಅಂಕಿಗಳು ಉದುರುತ್ತವೆ. ಪೈಥಾನ್ ಕರ್ಸಸ್‌ನಲ್ಲಿ ‘ರ‍್ಯಾಪರ್’ ಅನ್ನೋ ಫಂಕ್ಷನ್ ಇದೆ. ನಿಮ್ಮ ಮುಖ್ಯ ಫಂಕ್ಷನ್ ಅನ್ನು ಅದರ ಕೈಗೆ ಕೊಟ್ಟುಬಿಡಿ. ಎರರ್ ಬಂದರೂ ಅದು ಟರ್ಮಿನಲ್ ಅನ್ನು ಮೊದಲಿದ್ದ ಸ್ಥಿತಿಗೆ ತಂದು ಆಮೇಲೆ ಎರರ್ ತೋರಿಸುತ್ತದೆ. ಪ್ರೋಗ್ರಾಂ ಅನ್ನು ಬಲವಂತವಾಗಿ ನಿಲ್ಲಿಸುವ ‘ಕಿಲ್ ಮೈನಸ್ 9’ ಕಮಾಂಡ್ ಹೊಡೆದರೆ ಮಾತ್ರ ಯಾರೂ ಏನೂ ಮಾಡೋಕಾಗಲ್ಲ, ಆಗ ರೀಸೆಟ್ಟೇ ಗತಿ.

ಕೇಳದಿದ್ದರೂ ಹೇಳುತ್ತೇನೆ: ಎರರ್ ಹುಡುಕೋಕೆ ಮಧ್ಯೆ ಮಧ್ಯೆ ಪ್ರಿಂಟ್ ಹಾಕಬೇಡಿ, ಅದು ಗೇಮ್ ಸ್ಕ್ರೀನ್ ಮೇಲೆಯೇ ಬಂದು ಕೂರುತ್ತದೆ. ಒಂದು ಲಾಗ್ ಫೈಲ್‌ಗೆ ಬರೆದು, ಇನ್ನೊಂದು ವಿಂಡೋದಲ್ಲಿ ಫೈಲ್‌ಗೆ ಹೊಸದಾಗಿ ಸೇರಿದ್ದನ್ನು ತೋರಿಸುತ್ತಾ ಹೋಗುವ ‘ಟೇಲ್ ಮೈನಸ್ ಎಫ್’ ಕಮಾಂಡ್ ಕೊಟ್ಟು ನೋಡುತ್ತಾ ಕೂರಿ.

ಪ್ರಶ್ನೆ: ಚಿಕ್ಕಪೇಟೆಯ ನಮ್ಮ ಸೀರೆ ಅಂಗಡಿಗೆ ಸ್ಟಾಕ್ ಪಟ್ಟಿ ತೋರಿಸುವ ಪ್ರೋಗ್ರಾಂ ಮಾಡಿದೆ. ಹೆಸರುಗಳು ಇಂಗ್ಲಿಷ್‌ನಲ್ಲಿದ್ದಾಗ ಬಾಕ್ಸ್ ಗೆರೆಗಳು ನೆಟ್ಟಗಿರುತ್ತವೆ. ಕನ್ನಡ ಹಾಕಿದ ತಕ್ಷಣ ಬಲಗಡೆ ಗೆರೆ ಹಾವಿನ ಥರ ಡೊಂಕಾಗುತ್ತದೆ, ಒತ್ತಕ್ಷರಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಫಾಂಟ್ ಬದಲಾಯಿಸಿದರೆ ಸರಿಹೋಗುತ್ತದಾ? — ಚಿಕ್ಕಪೇಟೆ

ಇಲ್ಲ, ಫಾಂಟ್ ಬದಲಾಯಿಸಿದರೆ ಡೊಂಕು ಹೋಗುವುದಿಲ್ಲ. ಇದು ಲೆಕ್ಕದ ಜಗಳ.

ಟರ್ಮಿನಲ್ ಅಂದರೆ ಚೌಕುಳಿ ಹಾಕಿದ ಹಾಳೆ. 1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ವಿಟಿ100 ಅನ್ನೋ ಟರ್ಮಿನಲ್ ತಂದಿತು, ಅಡ್ಡಕ್ಕೆ 80 ಅಕ್ಷರ, ಉದ್ದಕ್ಕೆ 24 ಸಾಲು. ಇವತ್ತಿನ ಟರ್ಮಿನಲ್ ಕಿಟಕಿಗಳೂ ಮೂಲದಲ್ಲಿ ಅದರದ್ದೇ ನಕಲು. ಒಂದು ಚೌಕಕ್ಕೆ ಒಂದು ಅಕ್ಷರ ಅನ್ನೋದು ಇಂಗ್ಲಿಷ್‌ಗೆ ಸರಿ.

ಈಗ ನಿಮ್ಮ ಸರಕನ್ನೇ ತೆಗೆದುಕೊಳ್ಳಿ. ‘ಸೀರೆ’. ಕಣ್ಣಿಗೆ ಎರಡು ಅಕ್ಷರ. ಪೈಥಾನ್‌ನಲ್ಲಿ ಉದ್ದ ಕೇಳಿದರೆ 4 ಅನ್ನುತ್ತದೆ, ಯಾಕೆಂದರೆ ಸ, ದೀರ್ಘದ ಗುರುತು, ರ, ಎತ್ವದ ಗುರುತು ಬೇರೆ ಬೇರೆ. ಎಷ್ಟು ಚೌಕ ಹಿಡಿಯುತ್ತದೆ ಅಂತ ಕೇಳಿದರೆ ಇನ್ನೂ ಮಜಾ. ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಎತ್ವದ ಗುರುತು ಜಾಗ ತೆಗೆದುಕೊಳ್ಳದ ಜಾತಿ, ದೀರ್ಘದ ಗುರುತು ಜಾಗ ತೆಗೆದುಕೊಳ್ಳುವ ಜಾತಿ. ಆ ಎರಡನೇ ಜಾತಿಗೆ ಕೆಲವು ಲೈಬ್ರರಿ ಒಂದು ಚೌಕ ಕೊಡುತ್ತವೆ, ಕೆಲವು ಸೊನ್ನೆ ಕೊಡುತ್ತವೆ. ಅಂದರೆ ನಿಮ್ಮ ಪ್ರೋಗ್ರಾಂ ‘ಸೀರೆ’ಗೆ 3 ಚೌಕ ಅಂದುಕೊಂಡು ಗೆರೆ ಎಳೆದರೆ, ಟರ್ಮಿನಲ್ 2 ಅಂದುಕೊಂಡಿರಬಹುದು. ಆ ಸಾಲಿನ ಗೆರೆ ಒಂದು ಚೌಕ ಒಳಗೆ ಬಂತು. ಮುಂದಿನ ಸಾಲಿನಲ್ಲಿ ದೀರ್ಘ ಇಲ್ಲ, ಅಲ್ಲಿ ಗೆರೆ ಸರಿಯಾಗಿ ನಿಂತಿತು. ಹಾವು ಆಗುವುದು ಹೀಗೆ. ಒತ್ತಕ್ಷರದ ಕಥೆ ಬೇರೆ: ಎರಡು ವ್ಯಂಜನ ಸೇರಿ ಒಂದು ರೂಪ ಆಗಬೇಕಾದರೆ ಅಕ್ಕಪಕ್ಕದ ಚೌಕಗಳನ್ನು ಒಟ್ಟಿಗೆ ನೋಡಿ ಬರೆಯಬೇಕು, ಬಹಳ ಟರ್ಮಿನಲ್‌ಗಳು ಆ ಗೋಜಿಗೇ ಹೋಗುವುದಿಲ್ಲ. ಎಂಎಲ್‌ಟರ್ಮ್‌ನಂಥ ಕೆಲವು ಟರ್ಮಿನಲ್‌ಗಳು ಭಾರತೀಯ ಲಿಪಿಗಳಿಗೆಂದು ಕೆಲಸ ಮಾಡಿವೆ, ಒಂದು ಸಲ ನೋಡಿ.

ಅಂಗಡಿ ಕೆಲಸ ನಿಲ್ಲಬಾರದು ಅಂದರೆ ಹೀಗೆ ಮಾಡಿ. ಐಟಂ ನಂಬರ್, ಎಷ್ಟಿದೆ, ದರ, ಇವೆಲ್ಲ ಅಂಕಿ, ಎಡಗಡೆ ಇಡಿ. ಕನ್ನಡ ಹೆಸರನ್ನು ಕಟ್ಟಕಡೆಯ ಕಾಲಂಗೆ ಹಾಕಿ. ಬಲಗಡೆ ಗೆರೆ ಎಳೆಯಲೇಬೇಡಿ, ಅಡ್ಡಗೆರೆ ಇದ್ದರೆ ಸಾಕು. ಹೆಸರು ಒಂದು ಚೌಕ ಆಚೀಚೆ ಆದರೂ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹೆಸರನ್ನು ಅಲ್ಲೇ ತಿದ್ದುವ ಕೆಲಸ ಇದೆ ಅಂದರೆ, ಕರ್ಸರ್ ಎಲ್ಲಿದೆ ಅನ್ನುವುದೇ ತಿಳಿಯದೆ ಪರದಾಡುತ್ತೀರಿ. ಆಗ ನಾನೇ ಹೇಳುತ್ತೇನೆ, ವೆಬ್ ಪೇಜ್ ಮಾಡಿ. ಕನ್ನಡ ಬರೆಯೋ ಕೆಲಸಕ್ಕೆ ಟರ್ಮಿನಲ್ ಇನ್ನೂ ತಯಾರಾಗಿಲ್ಲ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ಪ್ರಶ್ನೆ: ಮನೆಯಿಂದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ನ ಟರ್ಮಿನಲ್ ತೆರೆಯುವ ವಿಧಾನ) ಮೂಲಕ ಆಫೀಸ್ ಸರ್ವರ್‌ಗೆ ಹೋಗಿ ನಾನೇ ಬರೆದ ಮಾನಿಟರ್ ಪ್ರೋಗ್ರಾಂ ನೋಡುತ್ತೇನೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಸ್ಕ್ರೀನ್ ಮಿಣುಕುತ್ತದೆ. ಕಂಪ್ಯೂಟರ್ ಏನು ಮಾಡುತ್ತಿದೆ ಅಂತ ತೋರಿಸುವ ಎಚ್‌ಟಾಪ್ ಮಾತ್ರ ಅದೇ ನೆಟ್‌ನಲ್ಲಿ ಆರಾಮಾಗಿ ಓಡುತ್ತದೆ. — ವೈಟ್‌ಫೀಲ್ಡ್

ನೀವು ಪ್ರತಿ ಸಲ ಸ್ಕ್ರೀನ್ ಪೂರ್ತಿ ಅಳಿಸಿ ಮತ್ತೆ ಬರೆಯುತ್ತಿದ್ದೀರಿ, ಅಲ್ವಾ? ಅಳಿಸಿದ್ದಕ್ಕೂ ಬರೆದದ್ದಕ್ಕೂ ನಡುವೆ ನೆಟ್ ತಡವರಿಸಿದರೆ ಖಾಲಿ ಸ್ಕ್ರೀನ್ ಕಣ್ಣಿಗೆ ಬೀಳುತ್ತದೆ. ಎಚ್‌ಟಾಪ್ ಹಿಂದೆ ಕರ್ಸಸ್‌ನ ಹೊಸ ರೂಪವಾದ ಎನ್‌ಕರ್ಸಸ್ ಇದೆ. ಅದು ಈಗ ಸ್ಕ್ರೀನ್ ಮೇಲೆ ಏನಿದೆ, ಮುಂದೆ ಏನಿರಬೇಕು ಅನ್ನೋ ಎರಡು ಚಿತ್ರ ಮೆಮೊರಿಯಲ್ಲಿ ಇಟ್ಟುಕೊಂಡು, ವ್ಯತ್ಯಾಸ ಇರುವ ಅಕ್ಷರಗಳನ್ನಷ್ಟೇ ಕಳಿಸುತ್ತದೆ. ಈ ಜಾಣತನ ಬಡತನದಿಂದ ಬಂದದ್ದು. 1980ರ ಸುಮಾರಿಗೆ ಬರ್ಕ್ಲಿಯಲ್ಲಿ ಕೆನ್ ಆರ್ನಾಲ್ಡ್ ಮೊದಲ ಕರ್ಸಸ್ ಬರೆದಾಗ 300 ಬಾಡ್ ಮೋಡೆಂಗಳು ಇನ್ನೂ ಓಡುತ್ತಿದ್ದ ಕಾಲ, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 80 ಗುಣಿಸು 24 ಅಂದರೆ 1920 ಅಕ್ಷರ, ಒಂದು ಸ್ಕ್ರೀನ್ ತುಂಬಲು ಒಂದು ನಿಮಿಷದ ಮೇಲೆ. ಯಾರು ಕಾಯುತ್ತಾರೆ? ನೀವೂ ಲೈಬ್ರರಿ ಬಳಸಿ. ಕೈಯಾರೆ ಬರೆಯಲೇಬೇಕು ಅಂದರೆ ಇಡೀ ಸ್ಕ್ರೀನ್ ಅಳಿಸಬೇಡಿ, ಹಳೆಯದರ ಮೇಲೆಯೇ ಬರೆಯಿರಿ, ಎಲ್ಲವನ್ನೂ ಒಂದೇ ದೊಡ್ಡ ಸ್ಟ್ರಿಂಗ್ ಮಾಡಿ ಒಂದೇ ಸಲ ಕಳಿಸಿ.

ಪ್ರಶ್ನೆ: ಎಸ್ಕೇಪ್ ಕೀ ಒತ್ತಿದರೆ ಒಂದು ಸೆಕೆಂಡ್ ಆದ ಮೇಲೆ ಕೆಲಸ ಮಾಡುತ್ತದೆ. ಸೇವ್ ಮಾಡೋಕೆ ಕಂಟ್ರೋಲ್ ಎಸ್ ಇಟ್ಟರೆ ಎಲ್ಲ ನಿಂತೇ ಹೋಗುತ್ತದೆ. — ರಾಜಾಜಿನಗರ

ಮೇಲಿನ ಬಾಣದ ಕೀ ಒತ್ತಿದರೆ ಟರ್ಮಿನಲ್ ಕಳಿಸುವುದು ಎಸ್ಕೇಪ್, ಒಂದು ಚೌಕ ಆವರಣ, ಒಂದು ಎ. ಅಂದರೆ ಎಸ್ಕೇಪ್ ಬಂದಾಗ ಅದು ಬರೀ ಎಸ್ಕೇಪಾ, ಬಾಣದ ಶುರುವಾ ಅಂತ ಗೊತ್ತಾಗಲು ಕಾಯಲೇಬೇಕು. ಎನ್‌ಕರ್ಸಸ್ 1000 ಮಿಲಿಸೆಕೆಂಡ್ ಕಾಯುತ್ತದೆ, ಅದು ತೀರಾ ಜಾಸ್ತಿ. ಪೈಥಾನ್ 3.9ರಿಂದ ಇದನ್ನು ಇಳಿಸುವ ಫಂಕ್ಷನ್ ಇದೆ, 25 ಇಡಿ. ಒಂದೇ ಕಿಟಕಿಯಲ್ಲಿ ಹಲವು ಟರ್ಮಿನಲ್ ಕೊಡುವ ಟಿಮಕ್ಸ್ ಒಳಗೆ ಓಡಿಸುತ್ತಿದ್ದರೆ ಅದರಲ್ಲೂ ಇಂಥದೇ ಒಂದು ಸೆಟ್ಟಿಂಗ್ ಇದೆ, ಅದನ್ನೂ ಇಳಿಸಿ.

ಕಂಟ್ರೋಲ್ ಎಸ್ ಅಂದರೆ ಟರ್ಮಿನಲ್ ಭಾಷೆಯಲ್ಲಿ ‘ನಿಲ್ಲಿಸು’. ಕಂಟ್ರೋಲ್ ಕ್ಯೂ ಒತ್ತಿದರೆ ಮತ್ತೆ ಹೊರಡುತ್ತದೆ. ಸೇವ್‌ಗೆ ಎಫ್2 ಇಟ್ಟುಕೊಳ್ಳಿ. ಎಫ್1, ಎಫ್10, ಎಫ್11 ಬೇಡ, ಅವನ್ನು ಟರ್ಮಿನಲ್ ಕಿಟಕಿಯೇ ನುಂಗಿಬಿಡುವುದುಂಟು.

ಪ್ರಶ್ನೆ: ಗೋ ಕಲಿಯಲಾ, ರಸ್ಟ್ ಕಲಿಯಲಾ? ಇಂಥ ಪ್ರೋಗ್ರಾಂಗಳಿಗೆ ಯಾವುದು ವಾಸಿ? — ಜಯನಗರ

ಇದಕ್ಕೋಸ್ಕರ ಹೊಸ ಭಾಷೆ ಕಲಿಯೋದು ಬೇಡ, ಗೊತ್ತಿರೋದರಲ್ಲೇ ಮಾಡಿ. ಗೋ ಬರುತ್ತಿದ್ದರೆ ಬಬಲ್ ಟೀ ಅನ್ನೋ ಲೈಬ್ರರಿ: ಸ್ಥಿತಿ ಒಂದು ಕಡೆ, ಕೀ ಒತ್ತಿದಾಗ ಸ್ಥಿತಿ ಬದಲಿಸುವ ಫಂಕ್ಷನ್ ಒಂದು ಕಡೆ, ಸ್ಥಿತಿ ನೋಡಿ ಚಿತ್ರ ಬರೆಯುವ ಫಂಕ್ಷನ್ ಇನ್ನೊಂದು ಕಡೆ. ನನಗೆ ಇಷ್ಟವಾದ ಕ್ರಮ ಇದೇ. ರಸ್ಟ್ ಬರುತ್ತಿದ್ದರೆ ರಾಟಟುಯಿ ಅನ್ನೋ ಲೈಬ್ರರಿ, 2023ರಲ್ಲಿ ಹಳೆಯ ಟಿಯುಐ-ಆರ್‌ಎಸ್ ಲೈಬ್ರರಿಯಿಂದ ಕವಲೊಡೆದದ್ದು. ಎರಡರಲ್ಲೂ ಒಂದೇ ಫೈಲ್ ಕಾಪಿ ಮಾಡಿಕೊಟ್ಟರೆ ಬೇರೆಯವರ ಮೆಷಿನ್‌ನಲ್ಲಿ ಓಡುತ್ತದೆ, ಪೈಥಾನ್‌ಗೆ ಆ ಸುಖ ಇಲ್ಲ.

ಪ್ರಶ್ನೆ: ನನ್ನದು ಬರೀ ಶೆಲ್ ಸ್ಕ್ರಿಪ್ಟ್, ಟರ್ಮಿನಲ್ ಕಮಾಂಡ್‌ಗಳನ್ನು ಪೋಣಿಸಿದ ಫೈಲ್. ಹೌದು, ಇಲ್ಲ ಕೇಳುವ ಒಂದು ಬಾಕ್ಸ್, ಒಂದು ಮೆನು ಸಾಕು. — ಯಲಹಂಕ

ಉಬುಂಟು ಆದರೆ ವಿಪ್‌ಟೇಲ್ ಅನ್ನೋ ಕಮಾಂಡ್ ಸಾಮಾನ್ಯವಾಗಿ ಆಗಲೇ ನಿಮ್ಮ ಮೆಷಿನ್‌ನಲ್ಲಿ ಇರುತ್ತದೆ. ಒಂದು ಸಾಲಿಗೆ ಒಂದು ಬಾಕ್ಸ್. ಉದ್ದ ಪಟ್ಟಿಯಿಂದ ಹುಡುಕಿ ಆರಿಸಬೇಕಾದರೆ ಎಫ್‌ಝಡ್‌ಎಫ್ ಹಾಕಿಕೊಳ್ಳಿ. ಒಂದೇ ಮಾತು: ಆ ಸ್ಕ್ರಿಪ್ಟ್ ರಾತ್ರಿ, ಹೊತ್ತಿಗೆ ಸರಿಯಾಗಿ ತಾನೇ ಪ್ರೋಗ್ರಾಂ ಓಡಿಸುವ ಕ್ರಾನ್‌ನಿಂದಲೂ ಓಡುವುದಾದರೆ, ಎದುರಿಗೆ ನಿಜವಾದ ಟರ್ಮಿನಲ್ ಇದೆಯಾ ಅಂತ ಮೊದಲು ಪರೀಕ್ಷಿಸಿ. ಇಲ್ಲದಿದ್ದರೆ ಬಾಕ್ಸ್ ತೋರಿಸದೆ ಮೊದಲೇ ಕೊಟ್ಟ ಉತ್ತರ ಹಿಡಿದು ಮುಂದೆ ಹೋಗುವ ಹಾಗೆ ಬರೆಯಿರಿ, ಕ್ರಾನ್ ಎದುರು ಎಂಟರ್ ಒತ್ತೋಕೆ ಯಾರೂ ಇರುವುದಿಲ್ಲ.